120 ರೂಪಾಯಿಗೆ ಮಧ್ಯಾಹ್ನದ ಊಟ: ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಬೈಲಕುಪ್ಪೆ

ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆ ಮಡಿಕೇರಿಯಲ್ಲಿ. ವಾರದಲ್ಲಿ ಎರಡು ದಿನ ಇಲ್ಲೇ, ಮತ್ತೆ ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಕ್ಕೆ ಒಂದೊಂದು ದಿನ. ಮೊದಮೊದಲು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ. ಜುಲೈ ಬಂತು ನೋಡಿ, ಬೆಳಿಗ್ಗೆ ಕಟ್ಟಿದ ಅನ್ನ ಮಧ್ಯಾಹ್ನಕ್ಕೆ ಫ್ರಿಜ್ಜಿನಿಂದ ತೆಗೆದ ಹಾಗಾಗುತ್ತಿತ್ತು. ಆ ಮಳೆಗಾಲದಲ್ಲೇ ಡಬ್ಬಿ ಅಟ್ಟ ಸೇರಿತು. ಅವತ್ತಿಂದ ಹೋಟೆಲ್ ಊಟ.

ಊಟಕ್ಕೆ ಎಂದು ನಾನು ಇಟ್ಟುಕೊಂಡಿರುವುದು ದಿನಕ್ಕೆ 120 ರೂಪಾಯಿ. ನಾಲ್ಕು ತಿಂಗಳು ಒಂದು ಸಣ್ಣ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟೆ. ಒಂದು ಕಾಲಂ ಬಿಲ್ಲಿಗೆ. ಇನ್ನೊಂದು, ಮತ್ತೆ ಹಸಿವಾದ ಹೊತ್ತಿಗೆ. 70 ರೂಪಾಯಿ ಕೊಟ್ಟು ಉಂಡು ನಾಲ್ಕು ಗಂಟೆಗೆ ಬನ್ನು, ಚಹಾ, ಎರಡು ಬೋಂಡಾ ತಿಂದರೆ ಅದು 70ರ ಊಟ ಅಲ್ಲ, ಅಲ್ವಾ?

ಹೋಟೆಲ್‌ಗಳ ಹೆಸರು ಹೇಳುವುದಿಲ್ಲ. ಕೆಲವರ ಲೆಕ್ಕ ನನ್ನ ಕೈಯಲ್ಲೇ ಇದೆ. ಕೆಲಸದ ಮರ್ಯಾದೆ ಅಂತ ಒಂದಿರುತ್ತದೆ.

ಮಡಿಕೇರಿಯ ವೆಜ್ ಹೋಟೆಲ್‌ಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಸ್ ಸ್ಟ್ಯಾಂಡ್ ಸುತ್ತ, ಮಹದೇವಪೇಟೆ ಕಡೆ ಸಿಗುವ ಊಟ ನಿಮ್ಮೂರಿನಲ್ಲೂ ಸಿಗುತ್ತದೆ. ಅನ್ನ, ಸಾರು, ಸಾಂಬಾರು, ಒಂದು ಪಲ್ಯ, ಹಪ್ಪಳ, ಮಜ್ಜಿಗೆ. 80ರಿಂದ 100 ರೂಪಾಯಿ. ಬೇಗ ಬರುತ್ತದೆ, ಹೊಟ್ಟೆ ಕೆಡಿಸುವುದಿಲ್ಲ. ಒಬ್ಬಳೇ ಹೋಗಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಸಾಂಬಾರಿಗೆ ಸಿಹಿ ಕೈ ಸ್ವಲ್ಪ ಮುಂದು. ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಖಾರ ಕಂಡ ನಾಲಿಗೆ. ಪುಸ್ತಕದ ಪ್ರಕಾರ ಹಸಿವು ಐದು ಗಂಟೆಗೆ. ಶುಕ್ರವಾರ ಮಾತ್ರ ಆ ಕಡೆ ಹೋಗಬೇಡಿ. ಮಡಿಕೇರಿ ಸಂತೆಯ ದಿನ ಅದು. ಹಳ್ಳಿಯಿಂದ ಬಂದವರೆಲ್ಲ ಚೀಲ ಸಮೇತ ಬೆಂಚಿನ ಮೇಲೆ ಇರುತ್ತಾರೆ, ಒಂದೂವರೆಗೆ ಪಲ್ಯ ಖಾಲಿ.

ವಿರಾಜಪೇಟೆಯದು ಬೇರೆಯೇ ಕಥೆ. ಮಾಕುಟ್ಟ ದಾರಿ ಹಿಡಿದರೆ ಆ ಕಡೆ ಕೇರಳ. ಕರಾವಳಿಯ ಮೀನು ಆ ಘಾಟಿ ಹತ್ತಿಯೇ ಬರುತ್ತದೆ. ಹಾಗಾಗಿ ಬೆಟ್ಟದ ಊರಿನಲ್ಲಿ ಕೂತು ಮೀನು ಸಾರು ಉಣ್ಣುವುದು ಇಲ್ಲಿ ಶೋಕಿ ಅಲ್ಲ, ಕೂಲಿಯವರ ಊಟ. ಮಲಯಾಳಿ ಹೋಟೆಲ್ ಎಂದರೆ ಉದ್ದ ಬೆಂಚು, ಸ್ಟೀಲ್ ಜಗ್ಗಿನಲ್ಲಿ ಬಿಸಿನೀರು. ದಪ್ಪ ಕುಚ್ಚಲಕ್ಕಿ ಅನ್ನ, ಮೇಲೆ ಮೀನು ಸಾರಿನ ರಸ, ತೆಂಗಿನತುರಿ ಹಾಕಿದ ಪಲ್ಯ ಅಂದರೆ ತೋರನ್ ಒಂದು, ಉಪ್ಪಿನಕಾಯಿ. 80 ರೂಪಾಯಿ. ಮೀನಿನ ತುಂಡು ಬೇಕಾದರೆ ಬೇರೆ ದುಡ್ಡು. ಹುರಿದ ಮತ್ತಿ ಮೀನು ಎರಡು ಹಾಕಿಸಿಕೊಂಡರೆ 40 ಜಾಸ್ತಿ. ಒಟ್ಟು 120, ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅನ್ನ, ರಸ ಎರಡನೇ ಸಲ ಕೇಳಿದರೆ ಮುಖ ಗಂಟಿಕ್ಕುವುದಿಲ್ಲ. ಕುಚ್ಚಲಕ್ಕಿ ಬೇಗ ಕರಗುವುದಿಲ್ಲ ಎಂದು ಅಜ್ಜಿಯರು ಹೇಳುತ್ತಿದ್ದರು. ನನ್ನ ಪುಸ್ತಕವೂ ಅದನ್ನೇ ಹೇಳುತ್ತದೆ: ಹಸಿವು ಏಳೂವರೆಗೆ, ಮನೆಗೆ ಬಂದ ಮೇಲೆ.

ಊಟದ ಹೊತ್ತು ತಪ್ಪಿದ ದಿನ ಎರಡು ಪರೋಟ, ಒಂದು ಮೊಟ್ಟೆ ಕರಿ. 70 ರೂಪಾಯಿ ದಾಟುವುದಿಲ್ಲ. ಸಿದ್ದಾಪುರ, ನೆಲ್ಲಿಹುದಿಕೇರಿ ಕಡೆಯೂ ಇದೇ ರೇಟು, ಇದೇ ರುಚಿ. ತೋಟದ ಕೆಲಸದವರ ಊರುಗಳು ಅವು. ಅಲ್ಲಿ ಬೆಲೆ ಏರಿಸಿದರೆ ಗಿರಾಕಿ ಮರುದಿನ ಪಕ್ಕದ ಹೋಟೆಲ್‌ನಲ್ಲಿ ಇರುತ್ತಾನೆ.

ತೊಂದರೆ ಇಲ್ಲ ಅಂತಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕೆಲವು ಹೋಟೆಲ್‌ಗಳ ಶಟರ್ ಅರ್ಧ ಇಳಿದಿರುತ್ತದೆ, ರಂಜಾನ್ ತಿಂಗಳ ಹಗಲಲ್ಲಿ ಪೂರ್ತಿ. ಮೊದಲ ದಿನ ಒಳಗೆ ಹೆಂಗಸು ಅಂತ ನಾನೊಬ್ಬಳೇ ಇದ್ದೆ. ಗೋಡೆ ಕಡೆ ಮುಖ ಮಾಡಿ ಗಬಗಬ ಉಂಡು ಎದ್ದೆ. ಮೂರನೇ ವಾರ ಕ್ಯಾಶಿನಲ್ಲಿದ್ದ ಅಜ್ಜ ಕಿಟಕಿ ಪಕ್ಕದ ಒಂಟಿ ಟೇಬಲ್ ತೋರಿಸಿದರು. ಈಗ ಅದು ನನ್ನದೇ ಎನ್ನುವಂತಾಗಿದೆ.

ಈ ಹೋಟೆಲ್ ನನಗೆ ಸಿಕ್ಕಿದ್ದು ಹೇಗೆ ಅಂತ ಹೇಳಬೇಕು. ಮೊದಲು ಎಲ್ಲರ ಹಾಗೆ ನಾನೂ ಮ್ಯಾಪಿನಲ್ಲಿ ನಕ್ಷತ್ರ ಎಣಿಸುತ್ತಿದ್ದೆ. ಕೊಡಗಿನಲ್ಲಿ ಆ ನಕ್ಷತ್ರ ಕೊಡುವವರು ಹೆಚ್ಚಾಗಿ ಶನಿವಾರ ಬಂದು ಭಾನುವಾರ ಹೋಗುವವರು. ಕಿಟಕಿಯಿಂದ ಮಂಜು ಕಂಡಿತು ಅಂತಲೂ ಒಂದು ನಕ್ಷತ್ರ ಜಾಸ್ತಿ ಬಿದ್ದಿರುತ್ತದೆ. ಆಮೇಲೆ ಬಸ್ ಕಂಡಕ್ಟರುಗಳ ಹಿಂದೆ ಹೋದೆ. ಅವರಿಗೆ ಇರುವುದು ಹದಿನೈದು ನಿಮಿಷ. ರುಚಿಗಿಂತ ಹತ್ತಿರ ಮುಖ್ಯ. ಕೊನೆಗೆ ಕೈಗೆ ಬಂದಿದ್ದು ಒಂದು ಮೀನಿನ ಅಂಗಡಿಯ ಉದ್ರಿ ಪುಸ್ತಕ. ಲೆಕ್ಕ ಕೂಡಿಸುತ್ತಾ ಕಣ್ಣಿಗೆ ಬಿತ್ತು. ಒಂದು ದೊಡ್ಡ ಹೋಟೆಲ್ ವಾರಕ್ಕೊಮ್ಮೆ ರಾಶಿ ಮೀನು ಒಯ್ಯುತ್ತದೆ. ಒಂದು ಸಣ್ಣ ಹೋಟೆಲ್ ದಿನಾ ಬೆಳಿಗ್ಗೆ ಎರಡು ಕಿಲೋ, ಮೂರು ಕಿಲೋ, ಮಳೆ ಜೋರಿದ್ದರೆ ಒಂದೇ ಕಿಲೋ. ದಿನಾ ಸ್ವಲ್ಪವೇ ಕೊಳ್ಳುವವನ ಹತ್ತಿರ ನಿನ್ನೆಯ ಮೀನು ಎಲ್ಲಿಂದ ಉಳಿಯಬೇಕು? ಸುಮ್ನೆ ಅಲ್ಲಿಗೇ ಹೋದೆ. ನಿಮ್ಮ ಹತ್ತಿರ ಉದ್ರಿ ಪುಸ್ತಕ ಇರುವುದಿಲ್ಲ ಬಿಡಿ. ಮೀನು ಮಾರುವವರನ್ನೇ ಕೇಳಿ, ದಿನಾ ಬರುವವರು ಯಾರು ಅಂತ. ಕೋಳಿ ಅಂಗಡಿಯಲ್ಲೂ ಇದೇ ಪ್ರಶ್ನೆ ನಡೆಯುತ್ತದೆ.

ಇನ್ನು ಕೊಡವ ಊಟ. ಕೊಡಗಿಗೆ ಬಂದವರು ಮೊದಲು ಕೇಳುವುದೇ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಜೊತೆಗೆ ಕಡಂಬುಟ್ಟು ಎನ್ನುವ ಅಕ್ಕಿ ತರಿಯ ಉಂಡೆ. ನಾನು ಗೋಣಿಕೊಪ್ಪದಲ್ಲಿ ಉಣ್ಣುವುದು ಮನೆಯ ಮುಂಭಾಗವನ್ನೇ ಮೆಸ್ ಮಾಡಿಕೊಂಡ ಒಂದು ಜಾಗದಲ್ಲಿ. ನಾಲ್ಕು ಟೇಬಲ್, ಬೋರ್ಡ್ ಇಲ್ಲ. ಒಂದೂವರೆ ಕಳೆದರೆ ಪಾತ್ರೆ ತೊಳೆಯುವ ಸದ್ದು. ಪಂದಿ ಕರಿ 200, ಕಡಂಬುಟ್ಟು ಒಂದು ಪ್ಲೇಟು 50. ಎರಡು ದಿನದ ಊಟದ ದುಡ್ಡು ಒಂದೇ ತಟ್ಟೆಯಲ್ಲಿ.

ದುಬಾರಿ ಅಂತ ಮೊದಲು ಗೊಣಗಿದ್ದೆ. ಮೆಸ್ ನಡೆಸುವ ಅಕ್ಕ ಒಂದು ದಿನ ಅಡುಗೆಮನೆಗೆ ಕರೆದು ತೋರಿಸಿದರು. ಕೊತ್ತಂಬರಿ, ಜೀರಿಗೆ, ಮೆಣಸು ಕಪ್ಪಾಗುವ ತನಕ ಹುರಿದ ಪುಡಿ. ಪಕ್ಕದಲ್ಲಿ ಕಾಚಂಪುಳಿ ಸೀಸೆ. ಮಳೆಗಾಲದಲ್ಲಿ ಬಿದ್ದ ಹುಳಿ ಹಣ್ಣಿನ ರಸ ಇಳಿಸಿ, ಅದು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದರೆ ಕಾಚಂಪುಳಿ. ಒಂದು ಬುಟ್ಟಿ ಹಣ್ಣಿಗೆ ಸಿಗುವುದು ಅಷ್ಟಿಷ್ಟೇ. ಮಾಂಸದ ಬೆಲೆ, ಮೆಣಸಿನ ಬೆಲೆ, ಸೌದೆ ಎಲ್ಲಾ ಕೂಡಿಸಿದೆ. ಚಟ ನೋಡಿ, ಕೂಡಿಸದೆ ಇರೋದಕ್ಕೆ ಆಗುವುದಿಲ್ಲ. 200ರಲ್ಲಿ ಅವರಿಗೆ ಉಳಿಯುವುದು ತುಂಬಾ ಕಡಿಮೆ. ಪಂದಿ ಕರಿ ಅಗ್ಗಕ್ಕೆ ಸಿಕ್ಕಿದರೆ ಎಲ್ಲೋ ಏನೋ ಬಿಟ್ಟಿದ್ದಾರೆ ಅಂತಲೇ ಅರ್ಥ.

ಏನು ಬಿಡುತ್ತಾರೆ ಎನ್ನುವುದು ಗೊತ್ತಾಗಿದ್ದು ದುಬಾರಿ ಜಾಗದಲ್ಲೇ, ಅದೇ ತಮಾಷೆ. ಊರಿಂದ ತಂಗಿ ಬಂದಿದ್ದಳು. ಪ್ರವಾಸಿಗರು ಹೋಗುವ ದಾರಿಯಲ್ಲಿ, ನಕ್ಷತ್ರ ಚೆನ್ನಾಗಿದ್ದ ಒಂದು ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆ. ಪಂದಿ ಕರಿ 380, ಅಕ್ಕಿ ಒಟ್ಟಿ ಎರಡಕ್ಕೆ 100. ಬಾಯಿಗಿಟ್ಟ ಕೂಡಲೇ ಹುಳಿ ಗಂಟಲಿಗೆ ಚುಚ್ಚಿತು. ಕಾಚಂಪುಳಿಯ ಹುಳಿ ಚುಚ್ಚುವುದಿಲ್ಲ. ಮೆಣಸಿನ ಖಾರದ ಹಿಂದೆ ನಿಧಾನಕ್ಕೆ ಬರುತ್ತದೆ. ಇದು ವಿನೆಗರ್. ಬಿಲ್ ಬಂತು: 480, ಮೇಲೆ 5% ಟ್ಯಾಕ್ಸ್ 24, ಒಟ್ಟು 504. ತಂಗಿ ಪರ್ಸ್ ತೆಗೆದಳು, ನಾನು ಬಿಲ್ ತಿರುಗಿಸಿ ನೋಡಿದೆ. ಜಿಎಸ್‌ಟಿ ನಂಬರ್ ಎಲ್ಲೂ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ ಮತ್ತು ಅಂಕೆ. ಟ್ಯಾಕ್ಸ್ ಹಾಕಿದ ಬಿಲ್ಲಿನಲ್ಲಿ ಅದು ಇರಲೇಬೇಕು. ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇರುವ ಸಣ್ಣ ಹೋಟೆಲ್‌ಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ಟ್ಯಾಕ್ಸ್ ವಸೂಲಿ ಮಾಡುವ ಹಾಗಿಲ್ಲ. ಕಾಂಪೋಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ಟ್ಯಾಕ್ಸ್ ಕಟ್ಟುವ ಏರ್ಪಾಟಿನಲ್ಲಿ ಇರುವವರೂ ಅಷ್ಟೆ, ಟ್ಯಾಕ್ಸ್ ಅವರ ಜೇಬಿನಿಂದಲೇ ಹೋಗಬೇಕು. ನಂಬರ್ ಕೇಳಿದೆ. ಒಳಗೆ ಹೋಗಿ ಬಂದರು, 24 ರೂಪಾಯಿ ವಾಪಸ್ ಕೊಟ್ಟರು. ವಿನೆಗರ್ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಗೋಣಿಕೊಪ್ಪಕ್ಕೆ ಬರೋಣ. 250 ನನ್ನ ಕೈಗೆ ಆಗದು, ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ತಿಂಗಳಿಗೊಮ್ಮೆ ಪೂರ್ತಿ ಪ್ಲೇಟು. ಉಳಿದ ವಾರ ನೂಪುಟ್ಟು ಎನ್ನುವ ಅಕ್ಕಿ ಶಾವಿಗೆ, ಕೋಳಿ ಕರಿ, ಅದೂ ಅರ್ಧ: 120. ಮಳೆಗಾಲದಲ್ಲಿ ಇನ್ನೂ ಲಾಭ. ಬೈಂಬಳೆ, ಅಂದರೆ ಬಿದಿರಿನ ಕಳಲೆ ಬಂದಿರುತ್ತದೆ, ಅಣಬೆ ಸಿಕ್ಕಿದ ದಿನ ಕುಮ್ಮು ಕರಿ ಇರುತ್ತದೆ. ಅಕ್ಕಿ ಒಟ್ಟಿ ಜೊತೆ ಬೈಂಬಳೆ ಕರಿ ತಿಂದರೆ 90ಕ್ಕೆ ಮುಗಿಯುತ್ತದೆ. ಆ ಹುಳಿ ವಾಸನೆ ಮೊದಲ ದಿನ ಹಿಡಿಸಲಿಲ್ಲ. ಎರಡನೇ ವಾರ ನಾನೇ ಕೇಳಿ ಹಾಕಿಸಿಕೊಂಡೆ. ಹಸಿವು ಆರು ಗಂಟೆಗೆ. ಪಂದಿ ಕರಿ ತಿಂದ ದಿನ ರಾತ್ರಿ ಊಟವೇ ಬೇಡ, ಆ ಲೆಕ್ಕ ಹಿಡಿದರೆ 250 ಕೂಡ ಅಂಥಾ ಜಾಸ್ತಿ ಅಲ್ಲ ಅಂತ ನನ್ನನ್ನು ನಾನೇ ಒಪ್ಪಿಸಿಕೊಳ್ಳುತ್ತೇನೆ.

ಕುಶಾಲನಗರದ ದಿನ ಎರಡು ಆಯ್ಕೆ. ಪೇಟೆಯಲ್ಲೇ ಮುದ್ದೆ ಊಟ ಸಿಗುತ್ತದೆ. ಮುದ್ದೆ, ಬಸ್ಸಾರು, ಸ್ವಲ್ಪ ಅನ್ನ, 80 ರೂಪಾಯಿ. ನನಗದು ತವರಿನ ಊಟ, ಅದರಲ್ಲಿ ತೀರ್ಪು ಕೊಡೋದಕ್ಕೆ ನಾನು ಸರಿಯಾದವಳಲ್ಲ. ಇನ್ನೊಂದು, ಕಾವೇರಿ ಸೇತುವೆ ದಾಟಿ ಬೈಲಕುಪ್ಪೆ. ದಾಟಿದರೆ ಮೈಸೂರು ಜಿಲ್ಲೆ, ಆದರೆ ಕೊಡಗಿನವರು ಅದನ್ನು ಪಕ್ಕದ ಬೀದಿಯ ಹಾಗೆ ನೋಡುತ್ತಾರೆ. 1961ರಿಂದ ಟಿಬೆಟನ್ನರು ಇಲ್ಲಿ ನೆಲೆ ನಿಂತಿದ್ದಾರೆ.

ಚಿನ್ನದ ದೇವಸ್ಥಾನದ ಎದುರಿನ ಅಂಗಡಿಗಳಲ್ಲಿ ಒಮ್ಮೆ ಮೋಮೋ ತಿಂದೆ. ಎಂಟಕ್ಕೆ 120. ಹಿಟ್ಟು ದಪ್ಪ, ಒಳಗೆ ಎಲೆಕೋಸೇ ಜಾಸ್ತಿ. ಒಳಗಿನ ಕ್ಯಾಂಪಿನ ಕಡೆ ಹೋದರೆ ಸನ್ಯಾಸಿಗಳೂ ಶಾಲೆ ಮಕ್ಕಳೂ ತಿನ್ನುವ ಸಣ್ಣ ಕ್ಯಾಂಟೀನ್‌ಗಳಿವೆ. ಅಲ್ಲಿ ಒಂದು ಬಟ್ಟಲು ತುಕ್ಪಾ, ಅಂದರೆ ನೂಡಲ್ಸ್ ಸೂಪು, 90. ಉಗಿಯಲ್ಲಿ ಬೆಂದ ಬನ್ನಿನಂಥ ಟಿಂಗ್ಮೊ ಒಂದು 20. ಬಟ್ಟಲು ಎಂದರೆ ನಮ್ಮ ಮನೆಯ ಸಾರಿನ ಪಾತ್ರೆ. ಜನವರಿ ಚಳಿಯಲ್ಲಿ ಅದರ ಮುಂದೆ ಯಾವ ಸಾರೂ ನಿಲ್ಲದು. ಆದರೆ ಖಾರ ಇಲ್ಲ. ಟೇಬಲ್ ಮೇಲಿನ ಮೆಣಸಿನಕಾಯಿ ಚಟ್ನಿ ನೀವೇ ಹಾಕಿಕೊಳ್ಳಬೇಕು. ನಾನು ಹಾಕಿಕೊಳ್ಳುವುದನ್ನು ನೋಡಿ ಒಬ್ಬ ಪುಟ್ಟ ಸನ್ಯಾಸಿ ನಕ್ಕಿದ್ದ. ಹಸಿವು? ನಾಲ್ಕೂವರೆಗೇ. ನೀರು ಜಾಸ್ತಿ, ನೂಡಲ್ಸ್ ಬೇಗ ಕರಗುತ್ತದೆ. ಟಿಂಗ್ಮೊ ಎರಡು ತೆಗೆದುಕೊಂಡರೆ ಐದೂವರೆ.

ಇಲ್ಲಿ ಬಸ್ಸಿನ ಲೆಕ್ಕವನ್ನೂ ಸೇರಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಮೈಸೂರು ದಾರಿಯಲ್ಲಿ ಸರ್ಕಾರಿ ಬಸ್ಸು ಬೇಕಾದಷ್ಟು ಇರುವುದರಿಂದ ಕುಶಾಲನಗರದಿಂದ ಆಚೆ ಹೋಗಿ ಬರೋದಕ್ಕೆ ಖರ್ಚಿಲ್ಲ. ಆದರೆ ಮೇನ್ ರೋಡಿನಲ್ಲಿ ಇಳಿದು ಕ್ಯಾಂಪಿಗೆ ಆಟೋ ಹಿಡಿದರೆ ಮೇಲೆ 50 ರೂಪಾಯಿ, ವಾಪಸ್ ಇನ್ನೊಂದು 50. ತುಕ್ಪಾ 90 ಅಂದುಕೊಂಡು ಹೋದವಳ ಊಟ 190 ಆಗುತ್ತದೆ. ಇಬ್ಬರು ಮೂವರು ಸೇರಿ ಹೋದರೆ ಸರಿ. ವಿರಾಜಪೇಟೆ ಕಡೆ ಖಾಸಗಿ ಬಸ್ಸೇ ಹೆಚ್ಚು, ಅಲ್ಲಿ ಶಕ್ತಿ ನಡೆಯದು. ಹಾಗಿದ್ದರೂ ಆ ಕುಚ್ಚಲಕ್ಕಿ ಊಟವೇ ನನ್ನ ಪುಸ್ತಕದಲ್ಲಿ ಮೇಲೆ ನಿಂತಿದೆ. ಟಿಕೆಟ್ ದುಡ್ಡು ಹೇಗೂ ಕೆಲಸದ ಖಾತೆಗೆ ಹೋಗುತ್ತದೆ.

ಟಿಬೆಟನ್ನರ ಹೊಸ ವರ್ಷ ಲೋಸಾರ್ ಹಬ್ಬದ ಹೊತ್ತಿಗೆ, ಅಂದರೆ ಫೆಬ್ರವರಿ ಮಾರ್ಚ್ ಆಸುಪಾಸು, ಬೈಲಕುಪ್ಪೆಗೆ ಊಟಕ್ಕೆ ಅಂತ ಹೋಗಬೇಡಿ. ಅಂಗಡಿ ಮುಚ್ಚಿರುತ್ತದೆ. ನಾನು ಗೊತ್ತಿಲ್ಲದೆ ಹೋಗಿ, ಬಾಗಿಲು ಹಾಕಿದ ಮೂರು ಕ್ಯಾಂಟೀನ್ ನೋಡಿ, ಕುಶಾಲನಗರಕ್ಕೆ ವಾಪಸ್ ಬಂದು ಮುದ್ದೆ ಉಂಡೆ.

ಸೋಮವಾರಪೇಟೆ, ಶನಿವಾರಸಂತೆ ಕಡೆ ಇನ್ನೂ ಪುಸ್ತಕ ಬಿಚ್ಚಿಲ್ಲ. ಅಲ್ಲಿ ನನಗೆ ಕೆಲಸ ಬಿದ್ದಿಲ್ಲ. ಮುಂದಿನ ತಿಂಗಳು ಶನಿವಾರಸಂತೆಯಲ್ಲಿ ಒಂದು ದಿನಸಿ ಅಂಗಡಿಯ ಲೆಕ್ಕ ಬರುವ ಹಾಗಿದೆ. ಸಂತೆಯ ದಿನವೇ ಬರುತ್ತೇನೆ ಅಂದಿದ್ದೇನೆ. ಅಂಗಡಿಯವರಿಗೆ ಆಶ್ಚರ್ಯ, ಅವತ್ತು ಭಾರೀ ರಶ್ ಇರುತ್ತಲ್ಲಾ ಅಂತ.