ಪಾರ್ಥಿಯನ್ ಬೆಳ್ಳಿ ನಾಣ್ಯ: ಅಂಚು ನೋಡದೆ ದುಡ್ಡು ಕೊಡಬೇಡಿ

ಹಳೇ ನಾಣ್ಯ ಸಂಗ್ರಹಿಸುವವರು ದಯವಿಟ್ಟು ಇದನ್ನು ಓದಿ. ಎರಡನೇ ಮಿತ್ರಿಡೇಟೀಸ್‌ನ ಡ್ರಾಕ್ಮ (ಆ ಕಾಲದ ಬೆಳ್ಳಿ ನಾಣ್ಯ) ಎಂದು ಆನ್‌ಲೈನ್ ವ್ಯಾಪಾರಿಯೊಬ್ಬ ನನಗೆ ಮಾರಿದ್ದು ಎರಕ ಹೊಯ್ದ ನಕಲಿ ನಾಣ್ಯ. ಈ ರಾಜ ಇರಾನಿನ ಪಾರ್ಥಿಯನ್ ಸಾಮ್ರಾಜ್ಯವನ್ನು ಸುಮಾರು ಕ್ರಿ.ಪೂ. 121ರಿಂದ 91ರವರೆಗೆ ಆಳಿದವನು. ನಾಣ್ಯದ ಜೊತೆ ಸೀಲು ಹೊಡೆದ ಸರ್ಟಿಫಿಕೇಟ್ ಬೇರೆ!

ಮೊದಲ ಅನುಮಾನ ಬಂದಿದ್ದೇ ಆ ಸರ್ಟಿಫಿಕೇಟ್‌ನಿಂದ. ನಾಣ್ಯದ ಮೇಲೆ ಗ್ರೀಕ್‌ನಲ್ಲಿ ಮಿತ್ರಿಡೇಟೀಸ್ ಎಂದು ಬರೆದಿದೆ ಅಂತ ಅದರಲ್ಲಿತ್ತು. ಅವನ ನಾಣ್ಯಗಳಲ್ಲಿ ಆ ಹೆಸರೇ ಇರುವುದಿಲ್ಲ. ವಂಶದ ಮೊದಲ ದೊರೆ ಅರ್ಸಾಸೀಸ್‌ನ ಹೆಸರನ್ನೇ ಅವನೂ ಹಾಕಿಸಿದ್ದ. ಯಾರ ನಾಣ್ಯ ಅಂತ ಗೊತ್ತಾಗುವುದು ಮುಖ, ಕಿರೀಟ, ಬಿರುದುಗಳಿಂದ.

ಆಮೇಲೆ ನಾಣ್ಯವನ್ನೇ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಡೆ ಎಡಕ್ಕೆ ಮುಖ ಮಾಡಿದ ಗಡ್ಡದ ರಾಜ, ತಲೆ ಮೇಲೆ ಮುತ್ತಿನ ಸಾಲು, ನಕ್ಷತ್ರ ಇರುವ ಎತ್ತರದ ಕಿರೀಟ. ನಾಣ್ಯದ ಹಿಂಬದಿಯಲ್ಲಿ ಕೂತ ಬಿಲ್ಲುಗಾರ. ಈ ಕಿರೀಟದ ನಾಣ್ಯಗಳಲ್ಲಿ ಬಿಲ್ಲುಗಾರ ಸಿಂಹಾಸನದ ಮೇಲಿರಬೇಕು. ನನ್ನದರಲ್ಲಿ ಅವನು ಓಂಫಲೋಸ್ ಎಂಬ ಗುಂಡು ಕಲ್ಲಿನ ಮೇಲೆ ಕೂತಿದ್ದ. ಅದು ಇದೇ ರಾಜನ ಶುರುವಿನ ಕಾಲದ ವಿನ್ಯಾಸ. ಎರಡು ಬೇರೆ ಬೇರೆ ನಾಣ್ಯಗಳಿಂದ ಅಚ್ಚು ತೆಗೆದು ಜೋಡಿಸಿದ್ದಾರೆ, ಅಷ್ಟೇ.

ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ ಇತ್ತು. ಅದನ್ನು ಅರದಿಂದ ಉಜ್ಜಿದ್ದೂ ಕಾಣುತ್ತಿತ್ತು. ಗಡ್ಡದ ಪಕ್ಕದಲ್ಲಿ ಸೂಜಿಮೊನೆಯಷ್ಟು ದುಂಡನೆಯ ಗುಳಿಗಳು, ಎರಕದಲ್ಲಿ ಗಾಳಿ ಸಿಕ್ಕಿಕೊಂಡ ಗುರುತು. ಸರಿಯಾದ ಡ್ರಾಕ್ಮ ಸುಮಾರು 4 ಗ್ರಾಂ ತೂಗುತ್ತದೆ. ಇದು 3 ಗ್ರಾಂ ಕೂಡ ಇಲ್ಲ! ಬೆಳ್ಳಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಸಾಲದು. ಇದೂ ಬೆಳ್ಳಿಯದೇ.

ದುಡ್ಡು ವಾಪಸ್ ಕೇಳಿದರೆ ‘ಪುರಾತನ ವಸ್ತು, ಹಿಂದಕ್ಕೆ ತಗೊಳ್ಳಲ್ಲ’ ಎಂದ. ಅಷ್ಟರಲ್ಲೇ ಇನ್ನೊಂದನ್ನು ಮಾರಾಟಕ್ಕಿಟ್ಟಿದ್ದ. ರಾಜನ ಮೂಗಿನ ಮೇಲೆ ಅದೇ ಗೀರು, ಬಿಲ್ಲಿನ ತುದಿ ತುಂಡಾಗಿದ್ದೂ ಅದೇ ಜಾಗದಲ್ಲಿ. ಸುತ್ತಿಗೆಯಿಂದ ಒಂದೊಂದಾಗಿ ಹೊಡೆದು ಮಾಡಿದ ನಾಣ್ಯಗಳಲ್ಲಿ ಗೀರು ಕೂಡ ಹೀಗೆ ಒಂದೇ ಥರ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಕೊಳ್ಳುವ ಮೊದಲು ತೂಕ ಕೇಳಿ, ಅಂಚಿನ ಹತ್ತಿರದ ಫೋಟೋ ಕೇಳಿ. ನಕಲಿ ಎಂದು ಗೊತ್ತಾದರೆ ಯಾವಾಗ ಬೇಕಾದರೂ ವಾಪಸ್ ತಗೊಳ್ಳುತ್ತೇನೆ ಅಂತ ಬರೆದು ಕೊಡಲು ಹೇಳಿ. ಇಷ್ಟಕ್ಕೆ ಒಪ್ಪದವರ ಹತ್ತಿರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.