ತೋಟದ ನೆಟ್‌ವರ್ಕ್‌ಗೆ ಬೆನ್ನೆಲುಬು ಯಾವುದು: ತಾಮ್ರ, ರೇಡಿಯೋ, ಫೈಬರ್?

ಸಕಲೇಶಪುರದ ಕಡೆ ಈಗ ಕಾಫಿ ತೋಟದ ಆಫೀಸು, ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಗೋದಾಮು ಎಲ್ಲಾ ಕಡೆ ಕಂಪ್ಯೂಟರು, ಕ್ಯಾಮೆರಾ ಬಂದಿವೆ. ಒಂದೊಂದು ಕಟ್ಟಡದ ಒಳಗಿನ ನೆಟ್‌ವರ್ಕ್ ಸುಲಭ. ಅವನ್ನೆಲ್ಲ ಒಂದಕ್ಕೊಂದು ಜೋಡಿಸುವ ಮುಖ್ಯ ಲೈನೇ ತಲೆನೋವು. ನಮ್ಮಲ್ಲಿ ಮೂರೂ ಬಗೆಯನ್ನು ಹಾಕಿ ನೋಡಿದ್ದೇನೆ.

ಕ್ಯಾಟ್ 6 ತಾಮ್ರದ ಕೇಬಲ್ 100 ಮೀಟರ್ ದಾಟುವಂತಿಲ್ಲ. ಏಪ್ರಿಲ್‌ನಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೂ ಸಾಕು, ನೆಟ್‌ವರ್ಕ್ ಸ್ವಿಚ್‌ನಲ್ಲಿ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಕೇಬಲ್ ಸಿಕ್ಕಿಸುವ ಪೋರ್ಟ್ ಸುಟ್ಟುಹೋಗುತ್ತದೆ. ಕಟ್ಟಡದ ಹೊರಗೆ ಬೇಡವೇ ಬೇಡ.

5 ಗಿಗಾಹರ್ಟ್ಸ್ ರೇಡಿಯೋ ಜೋಡಿ (ಎರಡು ಕಂಬಗಳ ಮೇಲೆ ಎದುರುಬದುರು ಕೂರಿಸುವ ವೈರ್‌ಲೆಸ್ ಸಾಧನ) ಮೊದಲಿಗೆ ತುಂಬಾ ಇಷ್ಟವಾಗುತ್ತದೆ. ಚರಂಡಿ ತೋಡುವ ಕೆಲಸವಿಲ್ಲ, ಬೆಳಿಗ್ಗೆ ಕಂಬ ನಿಲ್ಲಿಸಿದರೆ ಸಂಜೆಗೆ ಲಿಂಕ್ ಸಿದ್ಧ. ಆದರೆ ಅರ್ಧ ಕಿಲೋಮೀಟರ್ ಲಿಂಕ್‌ಗೆ ನಡುವೆ ನೇರ ಗೆರೆಯ ಸುತ್ತ ಎರಡೂವರೆ ಮೀಟರ್‌ನಷ್ಟು ಜಾಗ ಖಾಲಿ ಇರಬೇಕು. ಕಾಫಿ ತೋಟದಲ್ಲಿ ಅದು ಎಲ್ಲಿ ಸಿಗುತ್ತದೆ? ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಆದ ಹೊಸದರಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ಸಿಲ್ವರ್ ಓಕ್ ಚಿಗುರಿದ ಹಾಗೆ ಇಳಿಯುತ್ತಾ ಹೋಗುತ್ತದೆ. ಎಲ್ಲರೂ ಮಳೆಯನ್ನು ಬೈಯುತ್ತಾರೆ. ಇಷ್ಟು ದೂರಕ್ಕೆ ಮಳೆ ಹನಿ ಲೆಕ್ಕಕ್ಕೇ ಇಲ್ಲ, ತೊಂದರೆ ಕೊಡುವುದು ಒದ್ದೆ ಎಲೆ. ಕಂಬದಿಂದ ಕೆಳಗಿಳಿಯುವುದೂ ಮತ್ತೆ ತಾಮ್ರವೇ ಅಲ್ವಾ, ಹಾಗಾಗಿ ಸಿಡಿಲಿನ ಭಯ ಪೂರ್ತಿ ಹೋಗುವುದಿಲ್ಲ.

ನನ್ನ ಓಟು ಸಿಂಗಲ್ ಮೋಡ್ ಫೈಬರ್‌ಗೆ, ಅಂದರೆ ದೂರದವರೆಗೆ ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ತೆಳು ಗಾಜಿನ ಎಳೆಗೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದೇ ಎಳೆಯಲ್ಲಿ 1310 ಮತ್ತು 1550 ನ್ಯಾನೋಮೀಟರ್ ಬೆಳಕು ಎದುರುಬದುರು ಓಡಾಡುವ ಕನ್ವರ್ಟರ್ (ತಾಮ್ರದ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ) ಜೋಡಿ ಸಿಗುತ್ತದೆ. ಕೊಳ್ಳುವಾಗ ಒಂದು ಮಾತ್ರ ನೋಡಿಕೊಳ್ಳಿ. ಉಕ್ಕಿನ ಕವಚದ ಕೇಬಲ್ ತಂದರೆ ಆ ಉಕ್ಕೇ ಸಿಡಿಲನ್ನು ಒಳಗೆ ಕರೆತರುತ್ತದೆ. ಕವಚವನ್ನು ಅರ್ಥ್ ಮಾಡಬೇಕು, ಇಲ್ಲವೇ ಲೋಹ ಇಲ್ಲದ ಕೇಬಲ್ಲನ್ನೇ ಪೈಪಿನೊಳಗೆ ಹೂಳಬೇಕು. ಖರ್ಚು ಜಾಸ್ತಿ ಆಗುವುದು ಚರಂಡಿಯ ಕೂಲಿಗೆ, ಕೇಬಲ್‌ಗಲ್ಲ.

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳನ್ನು ಜೋಡಿಸುವ ಕಾಲದಲ್ಲೂ ಇದೇ ಚರ್ಚೆ ಇತ್ತು. ಮೊದಲು ಸೆಕೆಂಡಿಗೆ 100 ಮೆಗಾಬಿಟ್‌ನ ಎಫ್‌ಡಿಡಿಐ, ಆಮೇಲೆ 155 ಮೆಗಾಬಿಟ್‌ನ ಎಟಿಎಂ (ಹಣದ ಯಂತ್ರವಲ್ಲ), ಎರಡೂ ಆಗಿನ ನೆಟ್‌ವರ್ಕ್ ಪದ್ಧತಿಗಳು. 1998ರಲ್ಲಿ ಫೈಬರ್ ಮೇಲಿನ ಗಿಗಾಬಿಟ್ ಈಥರ್ನೆಟ್ ಮಾನಕ ಬಂದ ಮೇಲೆ ಎರಡೂ ಹಿಂದೆ ಬಿದ್ದವು. ತುದಿಯ ಯಂತ್ರಗಳು ಬದಲಾದವು, ಬೆನ್ನೆಲುಬಿಗೆ ಗಾಜೇ ಉಳಿಯಿತು. ಇವತ್ತು ಒಂದು ಗಿಗಾಬಿಟ್‌ಗೆ ಹಾಕಿದ ಸಿಂಗಲ್ ಮೋಡ್ ಎಳೆ ನಾಳೆ ತುದಿ ಬದಲಿಸಿದರೆ ಹತ್ತಕ್ಕೂ ಆಗುತ್ತದೆ.

ಒಂದೆರಡು ಎಳೆ ಸಾಕಾದರೂ ಆರು ಎಳೆಯದ್ದನ್ನೇ ಹಾಕಿಸಿ. ಎರಡೂ ತುದಿಯಲ್ಲಿ ನಾಲ್ಕೈದು ಮೀಟರ್ ಸುರುಳಿ ಸುತ್ತಿಡಿ. ಜೆಸಿಬಿ ಬಂದ ದಿನ ಪೈಪು ಹೋದ ದಾರಿಯಲ್ಲಿ ಒಬ್ಬರನ್ನು ನಿಲ್ಲಿಸಿ. ತುಂಡಾದರೆ ಸ್ಪ್ಲೈಸ್ ಮಾಡುವವರು (ಗಾಜಿನ ಎಳೆ ಬೆಸೆಯುವವರು) ಹಾಸನದಿಂದ ಬರಬೇಕು, ಕೊಯ್ಲಿನ ಸಮಯದಲ್ಲಿ ಅವರು ಸುಲಭಕ್ಕೆ ಸಿಗುವುದಿಲ್ಲ.