ಖಾರ ಬನ್‌ಗೆ ಒಂದು ಬೇಕರಿ, ಪಫ್‌ಗೆ ಇನ್ನೊಂದು

ನಮ್ಮ ಬೀದಿ ತುದಿಯ ಬೇಕರಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಇಪ್ಪತ್ತು ವರ್ಷದಿಂದ ಬ್ರೆಡ್ಡಿಗೆ, ರಸ್ಕಿಗೆ, ಯಾರಾದರೂ ನೆಂಟರು ಬಂದರೆ ಪಫ್‌ಗೆ ಅಲ್ಲಿಗೇ ಹೋಗುತ್ತಿದ್ದೆವು. ಈಗ ಹೊಸದು ಹುಡುಕಬೇಕಲ್ಲ. ಹುಡುಕುವುದಾದರೆ ಸರಿಯಾಗಿ ಹುಡುಕೋಣ ಅಂತ ಐದು ಭಾನುವಾರ ಬೆಂಗಳೂರು ಸುತ್ತಿದೆ. ನಿಯಮ ಒಂದೇ. ಪ್ರತಿ ಕಡೆ ಒಂದು ಬ್ರೆಡ್, ಜೊತೆಗೆ ಆ ಬೇಕರಿಗೆ ಹೆಸರು ತಂದಿರುವ ತಿಂಡಿ. ಅರ್ಧ ಅಲ್ಲೇ ತಿನ್ನುವುದು, ಉಳಿದದ್ದು ಮಾರನೇ ದಿನ ಬೆಳಿಗ್ಗೆ ಕಾಫಿ ಜೊತೆ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಅರ್ಧ ತೀರ್ಪು ಅವರದ್ದು.

ಮೊದಲು ಹೋಗಿದ್ದು ವಿ.ವಿ.ಪುರಂನ ವಿ.ಬಿ. ಬೇಕರಿಗೆ. ಸಜ್ಜನ್ ರಾವ್ ಸರ್ಕಲ್ ಹತ್ತಿರ, ತಿಂಡಿ ಬೀದಿಯ ಪಕ್ಕ, 1953ರಿಂದ ಇದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಊರ ತುಂಬ ಹರಡಿದ ಮೊಟ್ಟೆಯಿಲ್ಲದ ಬೇಕರಿಗಳ ಸಾಲಿನಲ್ಲಿ ಇದು ದೊಡ್ಡ ಹೆಸರು. ಇಲ್ಲಿನ ಖಾರ ಬನ್ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಖಾರ ಎನ್ನುವುದು ಮೇಲೆ ಉದುರಿಸಿದ ಪುಡಿಯಲ್ಲ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಿಟ್ಟಿನ ಜೊತೆಗೇ ಬೆಂದಿರುತ್ತದೆ. ಕಚ್ಚಿದಾಗ ಮೊದಲು ಸ್ವಲ್ಪ ಸಿಹಿ, ಆಮೇಲೆ ನಿಧಾನಕ್ಕೆ ಖಾರ. ಬನ್ ಸೀಳಿ ಬೆಣ್ಣೆ ಸವರಿ ನಡುವೆ ಕಾಂಗ್ರೆಸ್ ಕಡಲೆಕಾಯಿ ತುಂಬಿಸಿ ತಿಂದರೆ ಇನ್ನೂ ಚೆನ್ನ. ಮೆತ್ತಗಿನ ಬನ್ ಒಳಗೆ ಕಟುಂ ಕಟುಂ ಅನ್ನುವ ಕಡಲೆಕಾಯಿ.

ಆ ಹೆಸರಿನ ಕಥೆ ಗೊತ್ತಲ್ವಾ? 1969ರಲ್ಲಿ ಲಾಲ್‌ಬಾಗ್ ಗಾಜಿನಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು, ಅದೇ ವರ್ಷ ಪಕ್ಷ ಎರಡು ಹೋಳಾಯಿತು. ಎರಡು ಹೋಳಾದ ಮಸಾಲೆ ಕಡಲೆಬೀಜಕ್ಕೂ ಜನ ಅದೇ ಹೆಸರಿಟ್ಟರು ಅಂತ ಹೇಳುತ್ತಾರೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ.

ಎರಡನೇ ವಾರ ಊರಿನ ಆ ಕಡೆಗೆ. ಫ್ರೇಜರ್ ಟೌನ್, ಮಸೀದಿ ರಸ್ತೆ, ಆಲ್ಬರ್ಟ್ ಬೇಕರಿ. 1902ರ ಅಂಗಡಿ. ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ, ಬಾಗಿಲು ತೆಗೆಯುವುದೇ ಮಧ್ಯಾಹ್ನದ ಮೇಲೆ. ಅಮ್ಮ ಬರಲಿಲ್ಲ, ನಾನೂ ನನ್ನ ತಮ್ಮನೂ ಹೋದೆವು. ಇಲ್ಲಿ ಖೀಮಾ ಸಮೋಸ, ಖೋವಾ ನಾನ್‌ಗೆ ಜನ ಬರುತ್ತಾರೆ. ನಾವು ನೋಡಲು ಹೋಗಿದ್ದು ಪಫ್. ಪಫ್ ಅಂದರೆ ಪದರ. ಮೈದಾ ಹಿಟ್ಟಿನ ನಡುವೆ ಕೊಬ್ಬು ಸವರಿ ಮಡಚಿ, ಲಟ್ಟಿಸಿ, ಮತ್ತೆ ಮಡಚಿ ಒಲೆಗೆ ಹಾಕಿದರೆ, ಹಿಟ್ಟಿನಲ್ಲಿರುವ ನೀರು ಆವಿಯಾಗಿ ಪದರಗಳನ್ನು ಎಬ್ಬಿಸುತ್ತದೆ. ಒಳ್ಳೆ ಪಫ್ ತಿಂದ ಮೇಲೆ ಅಂಗಿ ಕೊಡವಿಕೊಳ್ಳಬೇಕು. ಆಲ್ಬರ್ಟ್‌ನದ್ದು ತಿಂದು ಇಬ್ಬರೂ ಕೊಡವಿಕೊಂಡೆವು.

ಪಫ್‌ನಲ್ಲಿ ಅಯ್ಯಂಗಾರ್ ಬೇಕರಿಗಳದ್ದು ಬೇರೆಯೇ ದಾರಿ. ಅಲ್ಲಿ ಪದರಕ್ಕಿಂತ ಒಳಗಿನ ಪಲ್ಯ ಮುಖ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಅಂತ ತಮ್ಮ ವಾದಿಸಿದ. ನಾನು ಒಪ್ಪಲಿಲ್ಲ. ಪಫ್ ಗೆದ್ದಿದ್ದು ಮಸೀದಿ ರಸ್ತೆಯೇ.

ಅಲ್ಲಿಂದ ದೂರವೇನಲ್ಲ, ವೀಲರ್ ರಸ್ತೆಯ ಥಾಮ್ಸ್ ಬೇಕರಿ. ಪಕ್ಕದಲ್ಲೇ ಇದೆಯಲ್ಲ ಅಂತ ಪ್ಲಮ್ ಕೇಕ್ ತಂದೆವು. ಕ್ರಿಸ್‌ಮಸ್ ಸಮಯಕ್ಕೆ ಹೋಗುವವರು ಕಾಯುವ ತಾಳ್ಮೆ ಇಟ್ಟುಕೊಂಡು ಹೋಗಿ.

ಮೂರನೆಯದು ಹೊಸ ಕಾಲದ ಅಂಗಡಿ. ಹೆಸರು ಬೇಡ. ಗಾಜಿನ ಗೋಡೆ, ಮರದ ಮೇಜು, ಹುಳಿ ಹಿಟ್ಟಿನ ಸಾರ್‌ಡೋ ಬ್ರೆಡ್. ಒಂದಕ್ಕೆ ಮುನ್ನೂರು ರೂಪಾಯಿ ಕೊಟ್ಟೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ದೊಡ್ಡ ದೊಡ್ಡ ತೂತು. ಅಂಗಡಿಯ ಈಸ್ಟ್ ಹಾಕದೆ, ಹಿಟ್ಟು ನೀರು ಕಲಸಿ ತಾನಾಗಿ ಹುಳಿ ಬರಿಸುವುದು ಇದರ ಗುಟ್ಟು. ‘ದೋಸೆ ಹಿಟ್ಟು ಹುದುಗಿದ ಹಾಗೇ ಅಲ್ವಾ, ಅದಕ್ಕೆ ಮುನ್ನೂರಾ?’ ಅಂದರು ಅಮ್ಮ. ಆದರೆ ನಾಲ್ಕನೇ ದಿನವೂ ಅದು ಕೆಟ್ಟಿರಲಿಲ್ಲ. ಸ್ವಲ್ಪ ಬಿಸಿ ಮಾಡಿ ತುಪ್ಪ ಹಚ್ಚಿ ಕೊಟ್ಟೆ. ಮಾತಾಡದೆ ತಿಂದರು.

ನಾಲ್ಕನೆಯದು ಮನೆಗೆ ಹತ್ತಿರದ್ದು. ಇದಕ್ಕೂ ಹೆಸರು ಬೇಡ, ದಿನಾ ಮುಖ ನೋಡಬೇಕು. ಇಲ್ಲಿ ತಂದ ಕ್ರೀಮ್ ಕೇಕ್‌ನ ಕ್ರೀಮ್ ಅಂಗುಳಿಗೆ ಮೇಣದ ಹಾಗೆ ಅಂಟಿತು. ಬೆಣ್ಣೆಯಾಗಿದ್ದರೆ ಬಾಯಿಯ ಬಿಸಿಗೆ ಕರಗಬೇಕಿತ್ತು. ವನಸ್ಪತಿ ಇದ್ದರೆ ಹೀಗಾಗುವುದುಂಟು. ಅಲ್ಲಿನ ಬ್ರೌನ್ ಬ್ರೆಡ್ ಪೊಟ್ಟಣ ತಿರುಗಿಸಿ ನೋಡಿದರೆ ಮೊದಲ ಹೆಸರೇ ಮೈದಾ, ಕೊನೆಯಲ್ಲಿ ಕ್ಯಾರಮೆಲ್ ಬಣ್ಣ. ಕಂದು ಬಣ್ಣ ಬಂದಿದ್ದು ಗೋಧಿಯಿಂದಲ್ಲ. ಬ್ರೌನ್ ಅಂತ ಜಾಸ್ತಿ ದುಡ್ಡು ಕೊಡುವ ಮುಂಚೆ ನೀವೂ ಒಮ್ಮೆ ತಿರುಗಿಸಿ ನೋಡಿ.

ಆದರೂ ದಿನದ ಬ್ರೆಡ್ಡಿಗೆ ಈ ನಾಲ್ಕನೆಯದನ್ನೇ ಆರಿಸಿಕೊಂಡೆ. ಸಂಜೆ ನಾಲ್ಕೂವರೆಗೆ ಅವರ ಒಲೆಯಿಂದ ಸಾದಾ ಹಾಲು ಬ್ರೆಡ್ ಇಳಿಯುತ್ತದೆ. ಇದನ್ನು ತಿಳಿಯಲು ಮೂರು ಸಲ ಹೋಗಬೇಕಾಯಿತು. ಮೊದಲೆರಡು ಸಲ ಬೆಳಿಗ್ಗೆ ಹೋಗಿ ಹಿಂದಿನ ದಿನದ್ದು ತಂದಿದ್ದೆ. ಆಮೇಲೆ ಗಲ್ಲಾದಲ್ಲಿದ್ದ ಹುಡುಗನನ್ನು ‘ಬಿಸಿ ಯಾವಾಗ ಬರುತ್ತೆ?’ ಅಂತ ಕೇಳಿದೆ, ಹೇಳಿದ. ಬಿಸಿ ಬ್ರೆಡ್ಡನ್ನು ಅಲ್ಲೇ ಸ್ಲೈಸ್ ಮಾಡಿಸಬೇಡಿ, ಚೂರುಚೂರಾಗುತ್ತದೆ. ಇಡಿಯಾಗಿ ತಂದು ಆರಿದ ಮೇಲೆ ಕೊಯ್ಯಿರಿ. ಫ್ರಿಜ್‌ನಲ್ಲಂತೂ ಇಡಬೇಡಿ, ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ.

ಈಗ ಲೆಕ್ಕ ಹೀಗಿದೆ. ಬ್ರೆಡ್ಡಿಗೆ ನಡೆದು ಹೋಗುವಷ್ಟು ದೂರ. ಪಫ್ ತಿನ್ನಬೇಕು ಅನ್ನಿಸಿದರೆ ತಮ್ಮನ ಬೈಕ್. ಸಾರ್‌ಡೋ ತಿಂಗಳಿಗೊಮ್ಮೆ, ಅದೂ ಅಮ್ಮನಿಗೆ ಬೆಲೆ ಹೇಳದೆ. ಶನಿವಾರ ಸಂಜೆ ಮಾತ್ರ ವಿ.ವಿ.ಪುರಂ. ಕಳೆದ ವಾರ ಆರು ಖಾರ ಬನ್ ಕಟ್ಟಿಸಿಕೊಂಡು ಹೊರಟೆ. ಮನೆ ತಲುಪಿದಾಗ ನಾಲ್ಕಿತ್ತು.